ಪೆನ್ಸಿಲ್ ಗಣಿಯ ಎರಡನೇ ಬಾಯಿ

ಗಣಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದರು. ನಾನು ವರ್ಷಗಟ್ಟಲೆ ಮೇಜಿನ ಮೇಲೆ ಬಾಗಿ ನಿಂತು ಮಾಡಿದ ಕೆಲಸವನ್ನು ಅವರು ಸೋಫಾದಲ್ಲಿ ಕೂತು, ಲ್ಯಾಪ್‌ಟಾಪಿನಲ್ಲಿ, ಕಾಫಿ ಆರುವುದರೊಳಗೆ ಮಾಡಿ ತೋರಿಸಿದರು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು. ಹೊರಡುವಾಗ ಒಬ್ಬಳು ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದಳು, "ಆಂಟಿ, ನಿಮ್ಮ ಸರ್ವೀಸಲ್ಲಿ ದೊಡ್ಡ ತಪ್ಪು ಅಂತ ಏನಾದ್ರೂ ಆಗಿತ್ತಾ?"

ಆಗಿತ್ತು. ಅದನ್ನು ಹೇಳಲು ಕೂತರೆ ನನ್ನ ದೊಡ್ಡ ಗೆಲುವನ್ನೂ ಹೇಳಬೇಕಾಗುತ್ತದೆ, ಏಕೆಂದರೆ ಎರಡೂ ನಡೆದದ್ದು ಒಂದೇ ಗುಡ್ಡದಲ್ಲಿ. ಬಡ್ತಿ, ವರ್ಗಾವಣೆಗಳೆಲ್ಲ ಎಲ್ಲರಿಗೂ ಆಗುವಂಥವು. ಅವನ್ನು ಬಿಟ್ಟು ಈ ಗುಡ್ಡದ ವಿಷಯ ಬರೆಯುತ್ತೇನೆ.

ನಾನು ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಅಪ್ಪ ಗಣಿಯೊಳಗೆ ಮರದ ಕಂಬ ಕೊಟ್ಟು ಮೇಲಿನ ಬಂಡೆ ಬೀಳದಂತೆ ನಿಲ್ಲಿಸುವ ಕೆಲಸದವರು. ಊಟಕ್ಕೆ ಕೂತಾಗ ಒಳಗಿನ ಬಿಸಿ, ಒಳಗಿನ ಸದ್ದು ಎಲ್ಲವನ್ನೂ ವರ್ಣಿಸುತ್ತಿದ್ದರು. ಒಮ್ಮೆ ಕರೆದುಕೊಂಡು ಹೋಗಿ ಎಂದು ನಾನು ಹಟ ಹಿಡಿದರೆ, "ಹೆಂಗಸರನ್ನ ಒಳಗೆ ಬಿಡಲ್ಲಮ್ಮ, ಕಾನೂನು" ಎನ್ನುತ್ತಿದ್ದರು. ಆ ಕಾನೂನು ನನ್ನ ಬೆನ್ನು ಬಿಡಲಿಲ್ಲ. ಡ್ರಾಯಿಂಗ್ ಕಲಿತೆ. ತುಂಬ ಎಂಬಲ್ಲಿನ ರಾಕೆಟ್ ಕೇಂದ್ರದ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ ಶ್ರೀಧರರನ್ನು ಮದುವೆಯಾಗಿ ತಿರುವನಂತಪುರಕ್ಕೆ ಬಂದೆ. ಅಲ್ಲಿನ ಪಟ್ಟಂ ಬಡಾವಣೆಯ ಗಣಿ ಕಚೇರಿಯಲ್ಲಿ ನಕ್ಷೆಗಾರ್ತಿಯಾದೆ. ಸರ್ವೇಯರುಗಳು ಒಳಗಿಳಿದು ಅಳತೆ ತರುತ್ತಿದ್ದರು. ನಾನು ಒಮ್ಮೆಯೂ ನೋಡದ ಸುರಂಗಗಳನ್ನು ಹೊರಗೆ ಕೂತು ಬರೆಯುತ್ತಿದ್ದೆ.

ನಮ್ಮ ಮೇಲಧಿಕಾರಿ ಕುರುವಿಳ ಸಾರ್. ಬಿಳಿ ಅರೆತೋಳಿನ ಅಂಗಿ, ಜೇಬಿನಲ್ಲಿ ಭೂತಗನ್ನಡಿ. ನಕ್ಷೆಯನ್ನು ಅವರ ಮುಂದಿಟ್ಟರೆ ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ, ಹೆಬ್ಬೆರಳ ಉಗುರನ್ನು ಗೆರೆಯ ಮೇಲೆ ಮೆಲ್ಲಗೆ ಎಳೆಯುತ್ತಿದ್ದರು. ಆಗ ನಾವು ಬರೆಯುತ್ತಿದ್ದದ್ದು ಗಂಜಿ ಹಾಕಿದ ತೆಳು ಬಟ್ಟೆಯ ಮೇಲೆ, ಶಾಯಿಯಲ್ಲಿ. ಬರೆದ ಬದಿಯಲ್ಲಿ ಶಾಯಿ ಕೂದಲೆಳೆಯಷ್ಟು ಉಬ್ಬಿರುತ್ತದೆ, ಉಗುರಿಗೆ ಸಿಗುತ್ತದೆ. ಹಿಂಬದಿಯಲ್ಲಿ ಸಿಗುವುದಿಲ್ಲ. "ಪದ್ಮಾವತಿ, ಮೊದಲು ಉಗುರು, ಆಮೇಲೆ ಕಣ್ಣು" ಎಂದು ಸೇರಿದ ದಿನವೇ ಹೇಳಿಕೊಟ್ಟಿದ್ದರು. ಇದೊಂದನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಮರೆತದ್ದೇ ಇದನ್ನು.

ತೊಂಬತ್ತರ ದಶಕದ ಮೊದಲ ವರ್ಷಗಳು. ಪಟ್ಟಣದಿಂದ ಪೂರ್ವಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಲ್ಲಿ, ರಬ್ಬರ್ ತೋಟಗಳ ನಡುವೆ ಒಂದು ಸಣ್ಣ ಗುಡ್ಡ. ಪೆನ್ಸಿಲಿನ ಒಳಗಿರುತ್ತದಲ್ಲ, ಆ ಗ್ರಾಫೈಟ್ ಅಲ್ಲಿ ಸಿಗುತ್ತಿತ್ತು. ಊರವರು ಅದನ್ನು ಪೆನ್ಸಿಲ್ ಗಣಿ ಎಂದೇ ಕರೆಯುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಮುಚ್ಚಿದ ಗಣಿ. ಅದರ ಮೇಲಿನ ಬಾಯಿಗೆ ಯಾರದೋ ಆಡು ಬಿತ್ತು. ಮಣ್ಣು ಸುರಿದು ಬಾಯಿ ಮುಚ್ಚಿಬಿಡಿ ಎಂದು ಊರಿನಿಂದ ಅರ್ಜಿ ಬಂತು. ಅದೇ ಹೊತ್ತಿಗೆ ಪ್ರವಾಸದ ಕಚೇರಿಯವರು, ಭಾನುವಾರ ಮಕ್ಕಳು ಮರಿ ಕಟ್ಟಿಕೊಂಡು ಹೋಗಿ ಬರುವಂಥ ಹೊಸ ಜಾಗ ಯಾವುದಾದರೂ ಇದೆಯೇ ಎಂದು ಎಲ್ಲ ಕಚೇರಿಗಳಿಗೂ ಪತ್ರ ಬರೆದಿದ್ದರು. ಎರಡೂ ಕಾಗದ ಒಂದೇ ದಿನ ನನ್ನ ಮೇಜಿನ ಮೇಲಿದ್ದವು.

ಮುಚ್ಚುವ ಮೊದಲು ಜಾಗ ನೋಡಲು ಕುರುವಿಳ ಸಾರ್ ಹೊರಟಾಗ ನನ್ನನ್ನೂ ಕರೆದುಕೊಂಡು ಹೋದರು. ಗಣಿಯ ಬಾಯಿಯ ಹತ್ತಿರ ಬಿಳಿ ಮುಂಡು ಉಟ್ಟ ಮುದುಕಿಯೊಬ್ಬರು ನಿಂತಿದ್ದರು. ಹೆಸರು ಚೆಲ್ಲಮ್ಮ. ಎಳೆಯ ವಯಸ್ಸಿನಿಂದ ಗಣಿ ಮುಚ್ಚುವವರೆಗೂ ಹೊರಗಿನ ಕೊಟ್ಟಿಗೆಯಲ್ಲಿ ಗ್ರಾಫೈಟ್ ಆರಿಸುವ ಕೆಲಸ ಮಾಡಿದವರು. ಅವರು ಮಾತಾಡಿದ್ದು ಮಲಯಾಳದಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಸಾರೇ, ಮಣ್ಣು ಹಾಕ್ತೀರಾ?"

"ಹಾಕಬೇಕು ಅಮ್ಮಾ. ಆಡು ಬಿತ್ತಲ್ಲ. ನಾಳೆ ಮಗು ಬಿದ್ದರೆ?"

"ಬೇಲಿ ಹಾಕಿದ್ರೆ ಸಾಲದಾ? ನನ್ನ ಅಪ್ಪ, ಗಂಡ, ಎಲ್ಲರೂ ಇದರೊಳಗೆ ದುಡಿದ್ರು. ಏನಿದೆ ಒಳಗೆ ಅಂತ ನಾನು ಒಂದು ಸಲನೂ ನೋಡಿಲ್ಲ. ಹೆಂಗಸರು ಬರಬಾರದು ಅಂತಿದ್ರು."

ವಾಪಸು ಬರುವಾಗ ಜೀಪಿನಲ್ಲಿ ಕುರುವಿಳ ಸಾರ್‌ಗೆ ಹೇಳಿದೆ, "ಸಾರ್, ಇದನ್ನ ಮುಚ್ಚೋದು ಬೇಡ. ಜನ ನೋಡೋ ಹಾಗೆ ಮಾಡೋಣ. ಪ್ರವಾಸದವರ ಪತ್ರ ಇದೆಯಲ್ಲ."

ಅವರು ಜೇಬಿನಿಂದ ಭೂತಗನ್ನಡಿ ತೆಗೆದು ಒರೆಸಿದರು. ಆಮೇಲೆ, "ಮೂವತ್ತು ಅಡಿ ಒಳಗೆ ಮಣ್ಣು ಕುಸಿದು ದಾರಿ ಕಟ್ಟಿದೆ. ಜನರನ್ನ ಬಿಡಬೇಕಾದ್ರೆ ಎರಡು ಬಾಯಿ ಬೇಕು, ಒಂದು ಕಟ್ಟಿಕೊಂಡ್ರೆ ಇನ್ನೊಂದರಲ್ಲಿ ಹೊರಗೆ ಬರೋಕೆ. ಎರಡನೇ ಬಾಯಿ ಎಲ್ಲಿದೆ ಅಂತ ನಿನಗೆ ಗೊತ್ತಾ? ನಕ್ಷೆ ತಂದು ಮೇಜಿನ ಮೇಲೆ ಇಡು. ಎರಡು ತಿಂಗಳು ಕಾಯ್ತೀನಿ. ಇಲ್ಲಾಂದ್ರೆ ಮಣ್ಣು" ಎಂದರು.

ನಮ್ಮ ಕಚೇರಿಯಲ್ಲಿ ಆ ಗಣಿಯ ನಕ್ಷೆ ಇರಲಿಲ್ಲ. ಹಳೆಯ ಕಡತದಲ್ಲಿ ಸಿಕ್ಕಿದ್ದು ಒಂದೇ ಸುಳಿವು: ಗ್ರಾಫೈಟನ್ನು ಪೀಪಾಯಿಗಳಲ್ಲಿ ತುಂಬಿ ಕೊಚ್ಚಿಗೆ ಕಳಿಸಿ, ಅಲ್ಲಿಂದ ಹಡಗಿಗೆ ಹಾಕುತ್ತಿದ್ದರು. ರಜೆ ಹಾಕಿ ರೈಲು ಹತ್ತಿದೆ. ಕೊಚ್ಚಿಯ ಹತ್ತಿರದ ಅಂಬಲಮುಗಳ್‌ನಲ್ಲಿ ನನ್ನ ಚಿಕ್ಕಮ್ಮನ ಮಗಳು ಇದ್ದಳು, ಅವಳ ಗಂಡನಿಗೆ ರಿಫೈನರಿಯಲ್ಲಿ ಕೆಲಸ. ಅಲ್ಲಿ ಉಳಿದುಕೊಂಡು ಪ್ರತಿದಿನ ಬಸ್ಸಿನಲ್ಲಿ ಹಳೇ ಬಂದರಿನ ಮಟ್ಟಾಂಚೇರಿಗೆ ಹೋಗಿ ಗೋದಾಮಿನಿಂದ ಗೋದಾಮಿಗೆ ಅಲೆದೆ. ಹೆಚ್ಚಿನವು ಮೆಣಸು, ಶುಂಠಿಯ ಗೋದಾಮುಗಳಾಗಿದ್ದವು. ಸಂಜೆ ಮನೆಗೆ ಬಂದರೆ ನನ್ನ ಸೀರೆಯ ಘಾಟಿಗೆ ಚಿಕ್ಕಮ್ಮನ ಮಗಳು ಸೀನುತ್ತಿದ್ದಳು.

ಐದನೆಯ ದಿನ ಬೀಗ ಹಾಕಿದ ಒಂದು ಹಳೇ ಗೋದಾಮಿನ ಕಾವಲುಗಾರ ಸಿಕ್ಕರು. ಗ್ರಾಫೈಟ್ ಪೀಪಾಯಿಗಳು ಅಲ್ಲೇ ಇಳಿಯುತ್ತಿದ್ದವು ಎಂದು ಅವರ ಅಪ್ಪ ಹೇಳುತ್ತಿದ್ದರಂತೆ. ನಕ್ಷೆಗಳಿದ್ದವೇ ಎಂದು ಕೇಳಿದೆ.

"ಬಟ್ಟೆ ಮೇಲೆ ಬರೆದದ್ದಾ? ಒಂದು ಪೆಟ್ಟಿಗೆ ತುಂಬ ಇತ್ತು" ಎಂದವರು ಸ್ವಲ್ಪ ನಾಚಿಕೊಂಡರು. "ನಮ್ಮಮ್ಮ ಅದನ್ನ ಬಿಸಿನೀರಲ್ಲಿ ನೆನೆಸಿ ಗಂಜಿ ತೆಗೀತಿದ್ರು. ಗಂಜಿ ಹೋದ್ರೆ ಒಳ್ಳೇ ಮೆತ್ತನೆ ಬಟ್ಟೆ. ನಮಗೆ ಏಳೂ ಮಕ್ಕಳಿಗೆ ಅದರಲ್ಲೇ ಅಂಗಿ ಹೊಲಿದ್ರು."

ಇಡೀ ಗಣಿಯನ್ನು ಏಳು ಮಕ್ಕಳು ತೊಟ್ಟು ಹರಿದಿದ್ದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆದರೂ ಅವರು ಬೀಗ ತೆಗೆದು ಒಳಗೆ ಕರೆದುಕೊಂಡು ಹೋದರು. ಒಂದು ಮರದ ಕಪಾಟಿನ ಎಳೆಪೆಟ್ಟಿಗೆಯ ತಳಕ್ಕೆ ಹಾಸಿದ್ದ ಬಟ್ಟೆಯನ್ನು ಎಳೆದು ಝಾಡಿಸಿದರು. ಜಿರಳೆಗಳು ಉದುರಿದವು. ಬಟ್ಟೆಯ ಮೇಲೆ ಗೆರೆಗಳಿದ್ದವು. ಅಕ್ಷರಗಳೆಲ್ಲ ತೇವಕ್ಕೆ ಕಲೆಸಿ ಹೋಗಿದ್ದವು. ಉತ್ತರ ದಿಕ್ಕಿನ ಬಾಣ, ಮೇಲಿನ ಬಾಯಿ, ಅಲ್ಲಿಂದ ನೇರ ಹೋಗಿ ಬಾಗಿ ಗುಡ್ಡದ ಬದಿಗೆ ಹೊರಬರುವ ಸುರಂಗ ಮಾತ್ರ ಸ್ಪಷ್ಟವಾಗಿ ಕಾಣುತ್ತಿದ್ದವು. ಎರಡನೇ ಬಾಯಿ ಸಿಕ್ಕಿತ್ತು. ಕಾವಲುಗಾರರ ಕೈ ಹಿಡಿದು ಕುಲುಕಿದೆ. ಪಾಪ, ಅವರು ಗಾಬರಿಯಾದರು.

ಆ ಸಂಭ್ರಮದಲ್ಲೇ ಎಡವಿದ್ದು. ಬಟ್ಟೆಯನ್ನು ತಂದು ಮೇಜಿನ ಮೇಲೆ ಹರಡಿ ಅದೇ ದಿನ ಪ್ರತಿ ತೆಗೆದೆ. ಕುರುವಿಳ ಸಾರ್ ದೆಹಲಿಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಕೆಲಸ ಮುಂದೆ ಹೋಗಿರಲಿ ಎಂದು ನನ್ನ ಪ್ರತಿಯನ್ನು ಸರ್ವೇಯರ್ ಕೈಗೆ ಕೊಟ್ಟೆ. ಗುಡ್ಡದ ಪೂರ್ವದ ಬದಿಯಲ್ಲಿ ಅಗೆತ ಶುರುವಾಯಿತು.

ಹನ್ನೆರಡು ದಿನ ಅಗೆದರು. ಕೆಂಪು ಮುರಕಲ್ಲು ಮುಗಿದು ಗಟ್ಟಿ ಬಂಡೆ ಬಂತು. ಕೆಲಸದವರ ಮೇಸ್ತ್ರಿ ಭಾಸ್ಕರನ್, ಹರೆಯದಲ್ಲಿ ಇದೇ ಗಣಿಯ ಕೊನೆಯ ವರ್ಷಗಳಲ್ಲಿ ಮೇಲಿನ ಬಾಯಿಯ ಹತ್ತಿರ ಗಾಡಿ ತಳ್ಳಿದವರು. ಅವರು ಸೇರುವ ಹೊತ್ತಿಗೆ ಎರಡನೇ ಬಾಯಿ ಮಣ್ಣು ಬಿದ್ದು ಮುಚ್ಚಿಹೋಗಿತ್ತಂತೆ. ಅವರು ಗುದ್ದಲಿ ಊರಿ ನಿಂತು ಹೇಳಿದರು, "ಮೇಡಂ, ಈ ಬಂಡೆನ ಯಾರೂ ಮುಟ್ಟಿದ ಹಾಗಿಲ್ಲ."

ಚೆಲ್ಲಮ್ಮ ಪ್ರತಿದಿನ ಬಂದು ರಬ್ಬರ್ ಮರದ ನೆರಳಲ್ಲಿ ಕೂರುತ್ತಿದ್ದರು. ಆವತ್ತು ಎದ್ದು ಬಂದು ನನ್ನ ಪಕ್ಕ ನಿಂತು, ಮಗಳೇ ಎನ್ನುವ ಹಾಗೆ 'ಮೋಳೇ' ಎಂದು ಕರೆದರು.

"ಮೋಳೇ, ಒಂದು ಕೇಳ್ಲಾ? ನಾನು ಚಿಕ್ಕವಳಿದ್ದಾಗ ಸಂಜೆ ಅಪ್ಪನ್ನ ಕರಕೊಂಡು ಬರೋಕೆ ಕೆಳಗಿನ ಬಾಯಿಗೆ ಹೋಗ್ತಿದ್ದೆ. ಅಪ್ಪ ಹೊರಗೆ ಬಂದ ಕೂಡಲೇ ಹೀಗೆ ಕಣ್ಣಿಗೆ ಕೈ ಅಡ್ಡ ಹಿಡೀತಿದ್ರು, ಬಿಸಿಲು ಹೊಡೀತದೆ ಅಂತ." ಅವರು ಅಂಗೈಯನ್ನು ಹುಬ್ಬಿನ ಮೇಲೆ ಇಟ್ಟು ತೋರಿಸಿದರು. "ಇಲ್ಲಿ ಸಂಜೆ ಬಿಸಿಲು ಎಲ್ಲಿಂದ ಬರ್ತದೆ?"

ಪೂರ್ವದ ಬದಿಯಲ್ಲಿ ನಿಂತಿದ್ದೆವು. ಮಧ್ಯಾಹ್ನ ಮೂರಕ್ಕೇ ಅಲ್ಲಿ ನೆರಳು ಕವಿದಿತ್ತು.

"ಮೊದಲೇ ಯಾಕೆ ಹೇಳಲಿಲ್ಲ ಅಮ್ಮಾ?"

"ಓದಿದವರು ನೀವು. ನೀವೇನೋ ಬೇರೆ ಬಾಯಿ ಹುಡುಕ್ತಿದ್ದೀರಿ ಅಂದ್ಕೊಂಡೆ."

ಆಗಿನ ಬಸ್ಸಿಗೇ ಕಚೇರಿಗೆ ಹೋದೆ. ಕೊಚ್ಚಿಯ ಬಟ್ಟೆಯನ್ನು ಹೊರತೆಗೆದು ಗೆರೆಯ ಮೇಲೆ ಉಗುರು ಎಳೆದೆ. ನುಣುಪಾಗಿ ಜಾರಿತು. ಮಗುಚಿ ಹಾಕಿ ಎಳೆದೆ. ಉಗುರಿಗೆ ಶಾಯಿ ತಡೆಯಿತು. ಇಡೀ ನಕ್ಷೆಯನ್ನು ನಾನು ಹಿಂಬದಿಯಿಂದ ಓದಿದ್ದೆ. ಅಕ್ಷರಗಳು ಉಳಿದಿದ್ದರೆ ತಿರುಗುಮುರುಗಾಗಿ ಕಂಡು ಎಚ್ಚರಿಸುತ್ತಿದ್ದವು. ಬಾಣ ಯಾವ ಬದಿಯಿಂದ ನೋಡಿದರೂ ಬಾಣವೇ. ಪಶ್ಚಿಮದ ಬಾಯಿಯನ್ನು ಪೂರ್ವಕ್ಕೆ ಬರೆದು, ಹತ್ತು ಜನರಿಂದ ಹನ್ನೆರಡು ದಿನ ಬಂಡೆ ಕುಟ್ಟಿಸಿದ್ದೆ.

ಮಾರನೆಯ ದಿನ ಕುರುವಿಳ ಸಾರ್ ದೆಹಲಿಯಿಂದ ಬಂದರು. ಒಳಗೆ ಹೋಗಿ ಎಲ್ಲ ಹೇಳಿದೆ. ಅವರು ಗದರಲಿಲ್ಲ. ಒಂದು ಬಿಳಿ ಹಾಳೆ ನನ್ನ ಕಡೆ ತಳ್ಳಿದರು.

"ಆಗಿದ್ದನ್ನ ಬರಿ. ನಿನ್ನ ಕೈಯಲ್ಲೇ. ಯಾರು ಸರಿ ಮಾಡಿದ್ರು ಅನ್ನೋದನ್ನೂ ಬರಿ."

ಬರೆದು ಕೊಟ್ಟೆ. ಅವರು ಓದಿ ಕಡತಕ್ಕೆ ಸೇರಿಸಿದರು. "ಎರಡು ತಿಂಗಳಿಗೆ ಇನ್ನೂ ಒಂಬತ್ತು ದಿನ ಇದೆ. ಹೋಗಿ ಪಶ್ಚಿಮದಲ್ಲಿ ಅಗೆಸು" ಎಂದರು. ಅವರು ನಮ್ಮ ಪರ ಬಂದದ್ದು ಆವತ್ತಿನಿಂದ. ತಪ್ಪನ್ನು ಮುಚ್ಚಿಟ್ಟಿದ್ದರೆ ಗಣಿಯನ್ನೂ ಮುಚ್ಚಿಸುತ್ತಿದ್ದರು ಎಂದು ಬಹಳ ವರ್ಷಗಳ ಮೇಲೆ ಅವರೇ ಹೇಳಿದರು.

ಪಶ್ಚಿಮದ ಬದಿಯಲ್ಲಿ ನಾಲ್ಕನೆಯ ದಿನ ಭಾಸ್ಕರನ್ ಅವರ ಹಾರೆ ಒಳಕ್ಕೆ ಜಾರಿತು. ಹಾರೆ ಎಳೆದುಕೊಂಡಾಗ ಆ ತೂತಿನಿಂದ ತಣ್ಣನೆ ಗಾಳಿ ಬಂತು. ಅವರು ಪಕ್ಕದ ಪೊದೆಯಿಂದ ಒಂದು ಒಣ ಎಲೆ ಕಿತ್ತು ತೂತಿನ ಮುಂದೆ ಹಿಡಿದರು. ಎಲೆ ನಮ್ಮ ಕಡೆಗೆ ಅಲುಗಾಡಿತು. ಆ ಬೇಸಗೆಯ ಮಧ್ಯಾಹ್ನ ಹತ್ತು ಜನ ಗಂಡಸರೂ ನಾನೂ ಚೆಲ್ಲಮ್ಮನೂ ಸಾಲಾಗಿ ನಿಂತು ಒಬ್ಬರಾದ ಮೇಲೆ ಒಬ್ಬರು ಆ ಗಾಳಿಗೆ ಮುಖ ಒಡ್ಡಿದೆವು. ನಲವತ್ತಕ್ಕೂ ಹೆಚ್ಚು ವರ್ಷ ಒಳಗಿದ್ದ ಗಾಳಿ. ಒದ್ದೆ ಕಲ್ಲಿನ ವಾಸನೆ ಇತ್ತು.

ಮುಂದೆ ಕೆಲಸ ಓಡಿತು. ಒಳಗೆ ಕುಸಿದಿದ್ದ ಮಣ್ಣು ತೆಗೆದು, ಕಮಾನಿನಂತೆ ಕಾಂಕ್ರೀಟು ಹಾಕಿ, ನೀರು ಹರಿಯಲು ಪಕ್ಕದಲ್ಲಿ ಕಾಲುವೆ ಮಾಡಿದರು. ಅದರ ಪ್ರತಿಯೊಂದು ಗೆರೆಯೂ ನನ್ನದು. ಆದರೆ ನಾನು ಬಾಯಿಯ ಹೊರಗೇ. ಗಣಿಯೊಳಗೆ ಹೆಂಗಸರನ್ನು ಕೆಲಸಕ್ಕೆ ಬಿಡಬಾರದೆಂಬ ಕಾನೂನನ್ನು ಸುರಕ್ಷತೆಯ ಇನ್‌ಸ್ಪೆಕ್ಟರ್ ನನಗೆ ಓದಿ ಹೇಳಿದ್ದರು. ಸರ್ವೇಯರ್ ಒಳಗಿನಿಂದ ಅಳತೆ ಕೂಗುತ್ತಿದ್ದ, ನಾನು ಕೊಡೆ ಹಿಡಿದು ಹೊರಗೆ ಕಲ್ಲಿನ ಮೇಲೆ ಕೂತು ಬರೆದುಕೊಳ್ಳುತ್ತಿದ್ದೆ. ಒಮ್ಮೆ ಕುರುವಿಳ ಸಾರ್ ಅದನ್ನು ನೋಡಿದರು.

"ಕಾನೂನು ಇರೋದು ಗಣಿಗೆ" ಎಂದರು ನಿಧಾನವಾಗಿ. "ಇದು ಗಣಿ ಅಲ್ಲ ಅಂತ ಸರ್ಕಾರ ಬರೆದುಕೊಟ್ಟರೆ?"

ಯುದ್ಧ ಮುಗಿದ ಮೇಲೆ ನಿಂತುಹೋದ ಆ ಗಣಿಯನ್ನು ಕಾಗದದ ಮೇಲೆ ಯಾರೂ ಮುಚ್ಚಿರಲಿಲ್ಲ. ಸಾರ್ ಅದಕ್ಕೆ ಅರ್ಜಿ ಬರೆದರು. ಅದು ಸೆಕ್ರೆಟೇರಿಯಟ್ಟಿನಲ್ಲಿ ಮೇಜಿನಿಂದ ಮೇಜಿಗೆ ಹೋಗುತ್ತಿದ್ದಾಗ ಪ್ರತಿ ಶುಕ್ರವಾರ ಅವರೇ ಖುದ್ದಾಗಿ ಹೋಗಿ ವಿಚಾರಿಸುತ್ತಿದ್ದರು.

ಈ ನಡುವೆ ಪ್ರವಾಸದ ಕಚೇರಿ ಒಬ್ಬ ಅಲಂಕಾರದ ಗುತ್ತಿಗೆದಾರನನ್ನು ಕಳಿಸಿತು. ಅವನು ಬಣ್ಣದ ಚಿತ್ರಗಳನ್ನು ಹರಡಿದ. ಸುರಂಗದ ತಿರುವಿನಲ್ಲಿ ಕೆಂಪು ಬಲ್ಬು, ಅದರಡಿ ಪ್ಲಾಸ್ಟರಿನ ಅಸ್ಥಿಪಂಜರ, ಮಕ್ಕಳು ಹತ್ತಿರ ಬಂದರೆ ಕಿರುಚುವ ಯಂತ್ರ. ಭಾಸ್ಕರನ್ ಆ ಚಿತ್ರವನ್ನು ಕೈಗೆತ್ತಿಕೊಂಡು ನೋಡಿದರು.

"ಇದು ಆ ತಿರುವಲ್ವಾ? ಅಲ್ಲಿ ನಾವು ಊಟ ಮಾಡ್ತಿದ್ವಿ. ಕಪ್ಪ, ಮೀನಿನ ಸಾರು. ಈ ಎಲುಬಿನವನು ಯಾರು ಅಂತ ನನಗೆ ಗೊತ್ತಿಲ್ಲ."

ಗುತ್ತಿಗೆದಾರ ಚಿತ್ರ ಮಡಿಸಿಕೊಂಡ. ಆ ತಿರುವಿನಲ್ಲಿ ಒಂದು ಬೆಂಚು, ಬುತ್ತಿ ಒಯ್ಯುವ ಒಂದು ತೂಕು ಪಾತ್ರೆ ಮಾತ್ರ ಇಟ್ಟೆವು. ಮರಗೆಣಸನ್ನು ಅಲ್ಲಿ ಕಪ್ಪ ಎನ್ನುತ್ತಾರೆ. ಅದನ್ನು ಹೇಗೆ ತಿನ್ನುತ್ತಿದ್ದರು ಎಂದು ಹೇಳಲು ಭಾಸ್ಕರನ್ ಅವರೇ ಇದ್ದರು. ಹೊರಗಿನ ಕೊಟ್ಟಿಗೆಯನ್ನು ಹಳೆಯ ಅಡಿಪಾಯದ ಮೇಲೇ ಎಬ್ಬಿಸಿ, ಆರಿಸುವ ಮೇಜು ಹಾಕಿ, ಅಲ್ಲಿ ಚೆಲ್ಲಮ್ಮನನ್ನು ಕೂರಿಸಬೇಕೆಂದು ನಾನು ಬರೆದೆ. ಕುರುವಿಳ ಸಾರ್ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದು ಸಹಿ ಹಾಕಿದರು.

ಒಂದು ಶುಕ್ರವಾರ ಸಾರ್ ಸೆಕ್ರೆಟೇರಿಯಟ್ಟಿನಿಂದ ನೇರ ಗುಡ್ಡಕ್ಕೇ ಬಂದರು. ಜೀಪಿನಿಂದಿಳಿದು, ನಾನು ಕೂತಿದ್ದ ಕಲ್ಲಿನ ಹತ್ತಿರ ಬಂದು ಕಾಗದ ಕೊಟ್ಟರು. ಗಣಿ ಮುಚ್ಚಿದೆ ಎಂದು ಅದರಲ್ಲಿ ಬರೆದಿತ್ತು. ನನ್ನ ಪಾಲಿಗೆ ಆವತ್ತೇ ತೆರೆದದ್ದು.

"ಅಮ್ಮನ್ನ ಕರಿ. ನೀವಿಬ್ಬರೂ ಮೊದಲು" ಎಂದರು.

ಹೆಲ್ಮೆಟ್ ಚೆಲ್ಲಮ್ಮನ ಕಿವಿಯವರೆಗೂ ಇಳಿಯಿತು. ಅವರ ಕೈ ಹಿಡಿದು ಒಳಗೆ ಕಾಲಿಟ್ಟೆ. ಎಷ್ಟು ಹೆಜ್ಜೆಗೆ ತಿರುವು, ಎಲ್ಲಿ ತಗ್ಗು, ನನಗೆ ಎಲ್ಲ ಗೊತ್ತಿತ್ತು. ಒಂದು ಮಾತ್ರ ಗೊತ್ತಿರಲಿಲ್ಲ. ಟಾರ್ಚು ಗೋಡೆಯ ಮೇಲೆ ಬಿದ್ದ ಕೂಡಲೇ ಗೋಡೆ ಹೊಳೆಯಿತು. ನಕ್ಷೆಯಲ್ಲಿ ಕಪ್ಪು ಅಡ್ಡಗೆರೆಗಳಿಂದ ನಾನು ತುಂಬಿಸುತ್ತಿದ್ದ ಜಾಗ ಬೆಳ್ಳಿಯ ಹಾಗೆ, ಮೀನಿನ ಮೈಯ ಹಾಗೆ ಮಿನುಗುತ್ತಿತ್ತು. ನಾನು ನಿಂತುಬಿಟ್ಟೆ. ಅಪ್ಪ ನೆನಪಾದರು, ತಂಬಿಗೆ ಹಿಡಿದು ಊಟಕ್ಕೆ ಕೂರುವ ಅಪ್ಪ.

ಚೆಲ್ಲಮ್ಮ ಗೋಡೆಯನ್ನು ಸವರಿ ಅಂಗೈ ನೋಡಿಕೊಂಡರು.

"ಮನೆಗೆ ಬಂದರೆ ಕರ್ರಗಿರ್ತಿದ್ರು. ಒಳಗೂ ಕತ್ತಲೆ ಅಂತಲೇ ತಿಳಕೊಂಡಿದ್ದೆ" ಎಂದರು. "ಇಷ್ಟು ಚೆಂದ ಇತ್ತು ಅಂತ ಒಬ್ಬರೂ ಹೇಳಲಿಲ್ಲ ನೋಡು, ಮೋಳೇ."

ಪಶ್ಚಿಮದ ಬಾಯಿಯಿಂದ ಹೊರಗೆ ಬಂದಾಗ ಸಂಜೆ. ಬಿಸಿಲು ಹೊಡೆಯಿತು. ಇಬ್ಬರೂ ಕಣ್ಣಿಗೆ ಕೈ ಅಡ್ಡ ಹಿಡಿದೆವು. ಹೊರಗೆ ಕಾಯುತ್ತಿದ್ದ ಭಾಸ್ಕರನ್ ನಮ್ಮಿಬ್ಬರ ಮುಖ ನೋಡಿ ನಕ್ಕರು, ನಾವು ಅಷ್ಟು ಕಪ್ಪಾಗಿದ್ದೆವು.

ಜನರಿಗೆ ತೆರೆದ ಮೊದಲ ಭಾನುವಾರ ಯಾರೂ ಬರಲಿಕ್ಕಿಲ್ಲ ಎಂಬ ಭಯವಿತ್ತು. ಹತ್ತು ಗಂಟೆಗೆ ಬಂದ ಬಸ್ಸಿನಿಂದ ಇಳಿಯುವವರು ಮುಗಿಯಲೇ ಇಲ್ಲ. ಅಜ್ಜಂದಿರು, ಬಸುರಿಯರು, ಜರಿಯಂಚಿನ ಕಸವು ಸೀರೆಯ ಮದುಮಗಳು ಕೂಡ. ಬೆಳಿಗ್ಗೆ ಬಿಳಿ ಅಂಗಿಯಲ್ಲಿ ಬಂದ ಅಪ್ಪಂದಿರು ಮಧ್ಯಾಹ್ನ ಬೂದು ಅಂಗಿಯಲ್ಲಿ ನಗುತ್ತಾ ಹೊರಬಂದರು. ಶ್ರೀಧರ ರಾಕೆಟ್ ಕೇಂದ್ರದ ಸಹೋದ್ಯೋಗಿಗಳ ಸಂಸಾರಗಳನ್ನೆಲ್ಲ ಕರೆತಂದಿದ್ದರು. ರಾಕೆಟ್ಟಿನ ಲೆಕ್ಕ ಮಾಡುವವರು ಚೆಲ್ಲಮ್ಮನ ಮೇಜಿನ ಮುಂದೆ ಮಕ್ಕಳ ಜೊತೆ ಸಾಲು ನಿಂತು ಗ್ರಾಫೈಟ್ ಯಾವುದು, ಬರೀ ಕಲ್ಲು ಯಾವುದು ಎಂದು ಆರಿಸಲು ಕಲಿತರು. ಅರ್ಧ ಜನ ತಪ್ಪು ಆರಿಸಿದರು. ಚೆಲ್ಲಮ್ಮ ಅವರ ಬುಟ್ಟಿಯನ್ನು ಮತ್ತೆ ಮೇಜಿಗೆ ಸುರಿದು, "ಇನ್ನೊಮ್ಮೆ" ಎನ್ನುತ್ತಿದ್ದರು.

ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರಿಸುವ ನನ್ನ ಮಗಳು ಸ್ಮಿತಾ ಒಂದು ತುಣುಕಿನಿಂದ ಕಲ್ಲಿನ ಮೇಲೆ ಗೆರೆ ಎಳೆದಳು. "ಅಮ್ಮೇ, ಇದು ಬರೆಯುತ್ತೆ" ಎಂದಳು, ಆವತ್ತು ಅಪರೂಪಕ್ಕೆ ಕನ್ನಡದಲ್ಲಿ. ಕುರುವಿಳ ಸಾರ್ ಹೆಂಡತಿ, ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಎರಡನೇ ಬಾಯಿಯಿಂದ ಹೊರಬಂದು, ಹಣೆಯ ಮೇಲೆ ಕಪ್ಪು ಮಸಿ ಇದ್ದಂತೆಯೇ ಗಂಭೀರವಾಗಿ, "ಪದ್ಮಾವತಿ, ಕೊನೇ ಮೆಟ್ಟಿಲು ಒಂದು ಇಂಚು ಎತ್ತರ ಆಗಿದೆ" ಎಂದರು. ಅದು ಅವರ ಬಾಯಿಂದ ಬರಬಹುದಾಗಿದ್ದ ಅತಿ ದೊಡ್ಡ ಹೊಗಳಿಕೆ.

ಒಳಗೆ ಹೋಗುವ ಪ್ರತಿಯೊಬ್ಬರಿಗೂ ನಾವು ಒಂದು ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದೆವು. ಹೊರಗೆ ಬಂದವರು ಅದನ್ನು ಹಲಗೆಯ ಮೊಳೆಗೆ ವಾಪಸು ಹಾಕಬೇಕು. ಯಾರೂ ಒಳಗೆ ಉಳಿಯಬಾರದೆಂದು ಗಣಿಗಳಲ್ಲಿ ಇದ್ದ ಪದ್ಧತಿ ಅದು. ಸಂಜೆ ಐದಕ್ಕೆ ಬಾಗಿಲು ಹಾಕುವ ಹೊತ್ತಿಗೆ ಚೆಲ್ಲಮ್ಮ ತಮ್ಮ ಮೇಜು ಬಿಟ್ಟು ಆ ಹಲಗೆಯ ಮುಂದೆ ಬಂದು ನಿಂತಿದ್ದರು. ಒಂದು ಮೊಳೆ ಖಾಲಿಯಿತ್ತು.

"ಯಾರೋ ಜೇಬಲ್ಲಿ ಹಾಕಿಕೊಂಡು ಹೋಗಿರ್ತಾರೆ ಅಮ್ಮಾ. ನಮ್ಮ ಬಸ್ಸು ಹೊರಟುಬಿಡುತ್ತೆ, ನೀವೂ ಮನೆಗೆ ನಡೀರಿ" ಎಂದೆ.

ಅವರು ಅಲುಗಲಿಲ್ಲ. "ನನ್ನ ಚೇಟ್ಟನ್ ಒಬ್ಬ ಇದ್ದ" ಎಂದರು. ಅಣ್ಣನನ್ನು ಅಲ್ಲಿ ಹಾಗೆನ್ನುತ್ತಾರೆ. "ಒಂದು ದಿನ ಸಂಜೆ ಹೀಗೇ ಒಂದು ಮೊಳೆ ಖಾಲಿ ಉಳೀತು. ನಾನು ಹಲಗೆ ಮುಂದೆ ನಿಂತಿದ್ದೆ. ಮನೆಗೆ ಹೋಗು ಅಂದ್ರು. ಹೋದೆ."

ಭಾಸ್ಕರನ್ ಟಾರ್ಚು ತೆಗೆದುಕೊಂಡು ಒಳಗೆ ನಡೆದರು. ನಾವಿಬ್ಬರೂ ಪಕ್ಕಪಕ್ಕ ನಿಂತು ಕಾದೆವು. ಬಸ್ಸು ಎರಡು ಸಲ ಹಾರ್ನ್ ಹೊಡೆದು ಹೊರಟುಹೋಯಿತು. ಒಳಗಿನಿಂದ ಹೆಜ್ಜೆಯ ಸದ್ದು ಕೇಳಿಸಿತು, ಆಮೇಲೆ ಬೆಳಕು. ಭಾಸ್ಕರನ್ ಜೊತೆ ದಪ್ಪ ಕನ್ನಡಕದ ಒಬ್ಬರು ಮೇಷ್ಟ್ರು ನಾಚಿಕೊಳ್ಳುತ್ತಾ ಬಂದರು. ಊಟದ ಬೆಂಚಿನ ಮೇಲೆ ತಂಪಿಗೆ ಕೂತವರಿಗೆ ನಿದ್ದೆ ಹತ್ತಿತ್ತಂತೆ.

ಚೆಲ್ಲಮ್ಮ ಕೈ ಚಾಚಿದರು. ಮೇಷ್ಟ್ರು ಬಿಲ್ಲೆ ಕೊಟ್ಟರು. ಅವರು ಅದನ್ನು ಮುಂಡಿನ ಅಂಚಿನಲ್ಲಿ ಒರೆಸಿ, ಖಾಲಿ ಮೊಳೆಗೆ ಹಾಕಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಒಂದೊಂದನ್ನೇ ಬೆರಳಿಂದ ಮುಟ್ಟುತ್ತಾ ಹೋದರು. ಹಲಗೆ ತುಂಬಿತ್ತು.

"ಎಲ್ಲರೂ ಬಂದ್ರು" ಎಂದು ಹೇಳಿ, ಹೆಗಲ ಮೇಲಿನ ತೋರ್ತಿನಿಂದ ಮುಖ ಒರೆಸಿಕೊಂಡು ಮನೆಯ ದಾರಿ ಹಿಡಿದರು.